ಹೊಗೆಸೊಪ್ಪಿನ ಸಬ್ಸಿಡಿ ಯಾವ ಊರಿಗೆ ಎಷ್ಟು? ಮಂಗಳೂರಿನಲ್ಲೇ ಕೂತು ಲೆಕ್ಕ ಹುಡುಕುವ ದಾರಿ

ದಕ್ಷಿಣ ಕನ್ನಡ, ಉಡುಪಿಯಲ್ಲಿ ಹೊಗೆಸೊಪ್ಪಿನ ಹೊಲ ಹುಡುಕಿದರೆ ಸಿಗುವುದು ಕಷ್ಟ. ಆದ್ರೆ ಹೊಗೆಸೊಪ್ಪಿನ ದುಡ್ಡಿನಲ್ಲಿ ಮಕ್ಕಳ ಫೀಸು ಕಟ್ಟಿದ ಮನೆಗಳು ಬೇಕಾದಷ್ಟು ಉಂಟು. ಬೀಡಿ ಕಟ್ಟಿಯೇ ಮೂರು ತಲೆಮಾರು ಕಳೆದ ಊರಿದು. ಹಾಗಾಗಿ ಸಹಕಾರಿ ಸಂಘದ ಸಭೆಯಲ್ಲೋ, ಕಾಲೇಜಿನ ಪ್ರಾಜೆಕ್ಟಿನಲ್ಲೋ, ಬೀಡಿ ಯೂನಿಯನ್ನಿನ ಮಾತುಕತೆಯಲ್ಲೋ ಒಂದು ಪ್ರಶ್ನೆ ಆಗಾಗ ಏಳುತ್ತದೆ: ಹೊಗೆಸೊಪ್ಪಿನ ರೈತರಿಗೆ ಸರ್ಕಾರ ಎಷ್ಟು ಕೊಡುತ್ತದೆ, ಅದು ಯಾವ ಜಿಲ್ಲೆಗೆ ಹೋಗುತ್ತದೆ? ಅಡಿಕೆಯವರು ಇನ್ನೊಂದು ಸೇರಿಸುತ್ತಾರೆ: ಅವರಿಗೆ ಒಂದು ಮಂಡಳಿಯೇ ಉಂಟು, ನಮಗೆ ಎಂತ ಉಂಟು ಮಾರಾಯ್ರೆ?

ಉತ್ತರ ಒಂದೇ ಕಾಗದದಲ್ಲಿ ಸಿಗುವುದಿಲ್ಲ. ನಾಲ್ಕೈದು ಕಡೆ ಹರಿದು ಹಂಚಿಹೋಗಿದೆ. ಅದನ್ನು ಜೋಡಿಸುವುದು ಹೇಗೆ ಎಂದು ಇಲ್ಲಿ ಬರೆದಿದ್ದೇನೆ. ಹುಡುಕುವ ಮೊದಲೇ ಒಂದು ವಿಷಯ ತಲೆಯಲ್ಲಿರಲಿ: ಈ ಬೆಳೆಯಲ್ಲಿ ಹಣ ಹೊಲದ ಹಿಂದೆ ಹೋಗುವುದಕ್ಕಿಂತ ನೋಂದಣಿಯ ಹಿಂದೆ ಹೋಗುವುದೇ ಜಾಸ್ತಿ. ಬೆಳೆ ಎಲ್ಲಿ ಉಂಟು ಎಂಬ ನಕ್ಷೆ ಬೇರೆ, ಹಣ ಎಲ್ಲಿಗೆ ಹೋಯಿತು ಎಂಬ ನಕ್ಷೆ ಬೇರೆ.

ಮೊದಲು: ಯಾವ ಹೊಗೆಸೊಪ್ಪು?

ಇದನ್ನು ಬಿಟ್ಟು ಮುಂದೆ ಹೋದರೆ ಇಡೀ ಲೆಕ್ಕ ತಪ್ಪುತ್ತದೆ. ನಮ್ಮಲ್ಲಿ ಮುಖ್ಯವಾಗಿ ಎರಡು ಜಾತಿ ಗೊತ್ತಿರಬೇಕು.

ಒಂದು, ಸಿಗರೇಟಿಗೆ ಹೋಗುವ ವರ್ಜೀನಿಯಾ. ಕರ್ನಾಟಕದಲ್ಲಿ ಇದು ಮುಖ್ಯವಾಗಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಹಾಸನದ ರಾಮನಾಥಪುರದ ಕಡೆ. ಮಂಗಳೂರಿನಿಂದ ಮಡಿಕೇರಿ ಮೇಲೆ ಮೈಸೂರಿಗೆ ಬಸ್ಸಿನಲ್ಲಿ ಹೋದವರು ನೋಡಿರುತ್ತೀರಿ. ಕುಶಾಲನಗರ, ಬೈಲುಕುಪ್ಪೆ ದಾಟಿದ ಮೇಲೆ ಹೊಲದ ನಡುವೆ ಕಿಟಕಿಯೇ ಇಲ್ಲದಂತೆ ಕಾಣುವ ಎತ್ತರದ ಚೌಕಾಕಾರದ ಮನೆಗಳು. ಪಕ್ಕದಲ್ಲಿ ಸೌದೆಯ ರಾಶಿ. ಅವೇ ಬ್ಯಾರನ್‌ಗಳು. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ ಒಳಗೆ ಸಾಲಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಯ ಬಿಸಿ ಕೊಳವೆಯಲ್ಲಿ ಒಳಗೆ ಸುತ್ತುತ್ತದೆ, ಹೊಗೆ ಎಲೆಗೆ ತಾಗುವುದಿಲ್ಲ. ಕೆಲವು ದಿನ ಹೀಗೆ ಬೇಯಿಸಿದ ಮೇಲೆ ಎಲೆ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಈ ಬ್ಯಾರನ್ ಎಂಬುದನ್ನು ನೆನಪಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಇದರ ಸುತ್ತಲೇ.

ಇನ್ನೊಂದು, ಬೀಡಿ ಹೊಗೆಸೊಪ್ಪು. ಕರ್ನಾಟಕದಲ್ಲಿ ಇದರ ಹೆಸರುವಾಸಿ ಊರು ಬೆಳಗಾವಿ ಜಿಲ್ಲೆಯ ನಿಪ್ಪಾಣಿ. ಗುಜರಾತಿನ ಆನಂದ್, ಖೇಡಾ ಕಡೆಯದ್ದೂ ದೊಡ್ಡದು. ನಮ್ಮ ಮನೆಗಳ ತಡ್ಪೆಗೆ (ಮೊರಕ್ಕೆ) ಬಂದು ಬೀಳುವುದು ಈ ಜಾತಿಯ ಪುಡಿ. ನೆನೆಸಿದ ಬೀಡಿ ಎಲೆಯ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿಸಿ, ಚಿಟಿಕೆ ಸೊಪ್ಪು ಹಾಕಿ ಸುರುಳಿ ಮಾಡಿ, ತಲೆ ಮಡಚಿ ನೂಲು ಸುತ್ತುತ್ತಾರಲ್ವಾ, ಆ ಸೊಪ್ಪು ಬಿಸಿಲಲ್ಲಿ ಒಣಗಿದ್ದು. ಅದಕ್ಕೆ ಬ್ಯಾರನ್ ಬೇಡ.

ಬ್ಯಾರನ್ ಬೇಡ ಅಂದ್ರೆ ಬ್ಯಾರನ್ ಲೈಸೆನ್ಸೂ ಬೇಡ. ತಂಬಾಕು ಮಂಡಳಿ ನೋಂದಣಿ ಮಾಡುವುದು ವರ್ಜೀನಿಯಾ ಬೆಳೆಗಾರರನ್ನು ಮಾತ್ರ. ನಿಪ್ಪಾಣಿಯ ರೈತ ಎಷ್ಟೇ ಎಕರೆ ಬೆಳೆದರೂ ಮಂಡಳಿಯ ಆ ಪಟ್ಟಿಯಲ್ಲಿ ಬರುವುದಿಲ್ಲ. ಹಾಗಾಗಿ "ಕರ್ನಾಟಕದ ತಂಬಾಕು ರೈತರಿಗೆ ಇಷ್ಟು ಕೋಟಿ" ಎಂಬ ಸುದ್ದಿ ಓದಿದಾಗ ಮೊದಲು ಕೇಳಬೇಕಾದ್ದು, ಯಾವ ತಂಬಾಕು ಎಂದು. ಬಹಳ ಸಲ ಆ ಸುದ್ದಿಯಲ್ಲಿ ಬೆಳಗಾವಿ ಇರುವುದೇ ಇಲ್ಲ.

ಹಣ ಬರುವ ಬಾಗಿಲುಗಳನ್ನು ಬೇರೆ ಮಾಡಿ

ಒಂದು ಹಾಳೆಯಲ್ಲಿ ಕಂಬ (ಕಾಲಂ) ಎಳೆದುಕೊಳ್ಳಿ. ಪ್ರತಿ ಕಂಬಕ್ಕೆ ಒಂದು ಬಾಗಿಲು.

ತಂಬಾಕು ಮಂಡಳಿ ಮೊದಲನೆಯದು. 1975ರ ಕಾಯ್ದೆಯಡಿ 1976ರಲ್ಲಿ ಶುರುವಾಯಿತು, ಮುಖ್ಯ ಕಚೇರಿ ಆಂಧ್ರದ ಗುಂಟೂರು. ಇದು ಕೃಷಿ ಸಚಿವಾಲಯದ ಕೆಳಗೆ ಇಲ್ಲ, ವಾಣಿಜ್ಯ ಸಚಿವಾಲಯದ ಕೆಳಗಿದೆ. ರಫ್ತು ಇದರ ಮುಖ್ಯ ಚಿಂತೆ. ಹಸಿರೆಲೆ ಗೊಬ್ಬರದ ಬೀಜ, ಸಸಿ ಬೆಳೆಸುವ ಟ್ರೇ, ಬ್ಯಾರನ್‌ನಲ್ಲಿ ಸೌದೆ ಉಳಿಸುವ ವ್ಯವಸ್ಥೆ, ಇಂಥವಕ್ಕೆ ಮಂಡಳಿಯ ನೆರವು ಬಂದದ್ದುಂಟು. ಹರಾಜಿನಲ್ಲಿ ಬೆಳೆಗಾರರಿಂದಲೂ ಕೊಳ್ಳುವವರಿಂದಲೂ ಮಂಡಳಿ ಶುಲ್ಕ ಹಿಡಿಯುತ್ತದೆ. ಅಂದ್ರೆ ಮಂಡಳಿ ಕೊಡುವ ಹಣದಲ್ಲಿ ರೈತನದ್ದೇ ಒಂದು ಪಾಲು ತಿರುಗಿ ಬರುತ್ತಿರಬಹುದು. ಬೆಳೆಗಾರರ ಕಲ್ಯಾಣ ನಿಧಿಯದ್ದೂ ಪ್ರತ್ಯೇಕ ಕಂಬ ಮಾಡಿ, ಅದು ಸದಸ್ಯರಿಗೆ ಮಾತ್ರ.

ಎರಡನೆಯದು ತಮಾಷೆಯದ್ದು. ಬೆಳೆ ವೈವಿಧ್ಯೀಕರಣ ಕಾರ್ಯಕ್ರಮ. 2013-14ರಲ್ಲಿ ಪಂಜಾಬ್, ಹರಿಯಾಣ, ಪಶ್ಚಿಮ ಉತ್ತರ ಪ್ರದೇಶದಲ್ಲಿ ಭತ್ತ ಕಡಿಮೆ ಮಾಡಿಸಲು ಕೇಂದ್ರ ಇದನ್ನು ತಂದಿತು. 2015-16ರಿಂದ ಕರ್ನಾಟಕವೂ ಸೇರಿ 10 ಹೊಗೆಸೊಪ್ಪು ರಾಜ್ಯಗಳಿಗೆ ಹಬ್ಬಿಸಿತು. ಇದು ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯ ಒಳಗೆ ಬರುತ್ತದೆ, ಕೇಂದ್ರ 60 ರಾಜ್ಯ 40ರ ಪಾಲು. ಕೆಲಸ ಮಾಡುವುದು ರಾಜ್ಯ ಕೃಷಿ ಇಲಾಖೆ. ಹಣ ಹೊಗೆಸೊಪ್ಪು ಬಿಟ್ಟು ಬೇರೆ ಬೆಳೆಗೆ ಹೋಗಲಿಕ್ಕೆ: ಬದಲಿ ಬೆಳೆಯ ಪ್ರಾತ್ಯಕ್ಷಿಕೆ, ಯಂತ್ರ, ಆ ಊರಿಗೆ ಬೇಕಾದ ಕೆಲಸ, ತರಬೇತಿ. ಭಾರತ ತಂಬಾಕು ನಿಯಂತ್ರಣದ ಜಾಗತಿಕ ಒಪ್ಪಂದವನ್ನು 2004ರಲ್ಲೇ ಸ್ಥಿರೀಕರಿಸಿದೆ. ಅದರ 17ನೇ ವಿಧಿ ಬೆಳೆಗಾರರಿಗೂ ಕಾರ್ಮಿಕರಿಗೂ ಬದಲಿ ಜೀವನೋಪಾಯ ಕೊಡಿ ಎನ್ನುತ್ತದೆ.

ಹೀಗೆ ಒಂದು ಸಚಿವಾಲಯ ಚೆನ್ನಾಗಿ ಬೆಳೆದು ರಫ್ತು ಮಾಡು ಎಂದು ಕೊಡುತ್ತದೆ, ಇನ್ನೊಂದು ಬಿಡು ಎಂದು ಕೊಡುತ್ತದೆ. ಒಂದೇ ತಾಲೂಕು ಎರಡೂ ಪಟ್ಟಿಯಲ್ಲಿ ಕಾಣಿಸಬಹುದು. ಎರಡನ್ನೂ ಕೂಡಿಸಿ "ತಂಬಾಕಿಗೆ ಒಟ್ಟು ಸಬ್ಸಿಡಿ" ಎಂದು ಬರೆದರೆ ಅದಕ್ಕೆ ಅರ್ಥವೇ ಇರುವುದಿಲ್ಲ. ನನ್ನ ಕೇಳಿದರೆ ಈ ಎರಡು ಕಂಬದ ನಡುವೆ ದಪ್ಪ ಗೆರೆ ಎಳೆಯಿರಿ.

ಮೂರನೆಯದು ಎಲ್ಲ ರೈತರಿಗೂ ಸಿಗುವಂಥದ್ದು: ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್, ಪಂಪ್‌ಸೆಟ್ಟಿನ ವಿದ್ಯುತ್ತು, ಸಹಕಾರಿ ಸಂಘದ ಶೂನ್ಯ ಬಡ್ಡಿ ಸಾಲ, ರಸಗೊಬ್ಬರ. ಇವು ಹೊಗೆಸೊಪ್ಪಿನ ಹೆಸರಲ್ಲಿ ಬರುವುದಿಲ್ಲ, ಬೆಳೆವಾರು ಬೇರ್ಪಡಿಸುವುದೂ ಆಗದ ಮಾತು. ಟಿಪ್ಪಣಿಯಲ್ಲಿ ಒಂದು ಸಾಲು ಬರೆದು ಬಿಟ್ಟುಬಿಡಿ.

ಬೆಂಬಲ ಬೆಲೆ ಹುಡುಕುತ್ತಾ ಸುಮ್ನೆ ಸಮಯ ಹಾಳು ಮಾಡಬೇಡಿ. ಕೇಂದ್ರದ ಈಗಿನ 22 ಬೆಳೆಗಳ ಪಟ್ಟಿಯಲ್ಲಿ ಹೊಗೆಸೊಪ್ಪು ಇಲ್ಲ.

ನೋಂದಣಿಯ ಲೆಕ್ಕ ತೆಗೆಯಿರಿ

ಮಂಡಳಿ ಪ್ರತಿ ಹಂಗಾಮಿಗೂ ರಾಜ್ಯವಾರು ಇಷ್ಟೇ ಬೆಳೆಯಬೇಕು ಎಂದು ಗುರಿ ಹಾಕುತ್ತದೆ. ಕರ್ನಾಟಕದ್ದು ಇತ್ತೀಚಿನ ವರ್ಷಗಳಲ್ಲಿ 10 ಕೋಟಿ ಕಿಲೋ ಆಸುಪಾಸು, ಕೆಲವು ವರ್ಷ ಅದಕ್ಕೂ ಕಡಿಮೆ. ಆ ಗುರಿ ಬ್ಯಾರನ್‌ಗಳ ಲೆಕ್ಕದಲ್ಲಿ ಹಂಚಿಕೆಯಾಗುತ್ತದೆ. ಬೆಳೆಗಾರನಿಗೆ ಒಂದು ನೋಂದಣಿ ಸಂಖ್ಯೆ, ಬ್ಯಾರನ್‌ಗೆ ಒಂದು ಲೈಸೆನ್ಸ್. ಹುಣಸೂರು ಕಡೆ ಇವರನ್ನು ಕಾರ್ಡ್‌ದಾರರು ಎನ್ನುತ್ತಾರೆ. ನೋಂದಣಿಯನ್ನು ವರ್ಷ ವರ್ಷ ಹೊಸದು ಮಾಡಿಸಬೇಕಿತ್ತು, 2025ರಲ್ಲಿ ಅದನ್ನು 3 ವರ್ಷಕ್ಕೆ ಏರಿಸಿದರು.

ಮಂಡಳಿಯ ವಾರ್ಷಿಕ ವರದಿ ಅದರ ವೆಬ್‌ಸೈಟಿನಲ್ಲಿದೆ. ಅದರಿಂದ ಬರೆದುಕೊಳ್ಳಬೇಕಾದ್ದು: ಬೆಳೆಗಾರರ ಸಂಖ್ಯೆ, ಬ್ಯಾರನ್ ಸಂಖ್ಯೆ, ಹೆಕ್ಟೇರು, ಗುರಿ, ನಿಜವಾಗಿ ಮಾರಾಟವಾದ ಕಿಲೋ. ಮಂಡಳಿಯ ಕೋಷ್ಟಕಗಳಲ್ಲಿ ಜಿಲ್ಲೆಯ ಬದಲು ಮಣ್ಣಿನ ವಲಯದ ಹೆಸರು ಕಂಡರೆ ಗಾಬರಿ ಬೇಡ. ಕರ್ನಾಟಕದ್ದು ಒಂದೇ ವಲಯ, ಹಗುರ ಮಣ್ಣು. ಆಂಧ್ರದಲ್ಲಿ ಉತ್ತರದ ಹಗುರ ಮಣ್ಣು, ದಕ್ಷಿಣದ ಹಗುರ ಮಣ್ಣು, ದಕ್ಷಿಣದ ಕಪ್ಪು ಮಣ್ಣು ಎಂದೆಲ್ಲ ಉಂಟು. ಇನ್ನೊಂದು ವಿಭಾಗ ಹರಾಜು ಮಾರುಕಟ್ಟೆ. ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದ, ಎಚ್.ಡಿ. ಕೋಟೆ, ರಾಮನಾಥಪುರ ಇವೆಲ್ಲ ಮಾರುಕಟ್ಟೆಗಳ ಹೆಸರು. ಒಂದು ಮಾರುಕಟ್ಟೆಗೆ ಬೇರೆ ತಾಲೂಕಿನ ಹಳ್ಳಿಗಳೂ ಸೇರಿರಬಹುದು. ಹಾಗಾಗಿ ತಾಲೂಕಿನ ಬದಲು ಮಾರುಕಟ್ಟೆಯನ್ನೇ ನಿಮ್ಮ ಅಳತೆ ಮಾಡಿಕೊಳ್ಳಿ.

ಇಲ್ಲಿ ಒಂದು ಅನ್ಯಾಯ ಕಾಣುತ್ತದೆ, ಅದನ್ನು ವರದಿ ಹೇಳುವುದಿಲ್ಲ. ಕಾರ್ಡ್ ಇಲ್ಲದೆ ಬೆಳೆಯುವವರು ಇದ್ದಾರೆ. ಬೇರೆಯವರ ಜಮೀನು, ಬೇರೆಯವರ ಕಾರ್ಡ್ ಗುತ್ತಿಗೆಗೆ ಹಿಡಿದವರೂ ಇದ್ದಾರೆ. ಬೆವರು ಇವರದ್ದು, ನೆರವು ಕಾರ್ಡಿನವರದ್ದು. ಅಂಕಿಯಲ್ಲಿ "ಬೆಳೆಗಾರ" ಎಂದು ಇರುವಲ್ಲೆಲ್ಲ "ನೋಂದಾಯಿತ ಬೆಳೆಗಾರ" ಎಂದು ಓದಿಕೊಳ್ಳಿ.

ಸಂಸತ್ತಿನ ಉತ್ತರಗಳು

ಬಿಟ್ಟಿಯಾಗಿ ಸಿಗುವ ಒಳ್ಳೆಯ ಮೂಲ ಇದು. ಲೋಕಸಭೆ, ರಾಜ್ಯಸಭೆಯ ವೆಬ್‌ಸೈಟಿನಲ್ಲಿ ತಂಬಾಕು ಎಂದು ಇಂಗ್ಲಿಷಿನಲ್ಲಿ ಹುಡುಕಿ. ಒಂದೇ ಸಚಿವಾಲಯದ ಉತ್ತರ ನೋಡಿ ನಿಲ್ಲಿಸಬೇಡಿ. ವಾಣಿಜ್ಯ, ಕೃಷಿ, ಆರೋಗ್ಯ, ಕಾರ್ಮಿಕ ಸಚಿವಾಲಯಗಳು ತಮ್ಮ ತಮ್ಮ ಪಾಲನ್ನಷ್ಟೇ ಹೇಳುತ್ತವೆ. ರಾಜ್ಯವಾರು ಪಟ್ಟಿ ಬಹುಮಟ್ಟಿಗೆ ಕೊನೆಯ ಅನುಬಂಧದಲ್ಲಿ ಇರುತ್ತದೆ. ಹಂಚಿಕೆ, ಬಿಡುಗಡೆ, ಖರ್ಚು ಎಂಬ ಮೂರು ಅಂಕಿಗಳಲ್ಲಿ ಖರ್ಚನ್ನೇ ತೆಗೆದುಕೊಳ್ಳಿ. ಪತ್ರಿಕೆಯ ತಲೆಬರಹಕ್ಕೆ ಹೋಗುವುದು ಸಾಮಾನ್ಯವಾಗಿ ಹಂಚಿಕೆ, ಯಾಕಂದ್ರೆ ಅದೇ ದೊಡ್ಡದು. ರಾಜ್ಯ ಬಜೆಟ್ ಪುಸ್ತಕದಲ್ಲಿ ಹುಡುಕುವುದಾದರೆ ಕೃಷಿ ವೆಚ್ಚದ ಮುಖ್ಯ ಲೆಕ್ಕಶೀರ್ಷಿಕೆ 2401. ಆದರೆ ಅಲ್ಲಿ ತಾಲೂಕು ಮಟ್ಟದ ವಿವರ ಬೇಕೆಂದರೆ ಸಿಗುವುದಿಲ್ಲ.

ತಾಲೂಕು ಮಟ್ಟಕ್ಕೆ ಇಳಿಯಲು ಒಂದೇ ದಾರಿ.

ಮಾಹಿತಿ ಹಕ್ಕಿನ ಅರ್ಜಿ

ಅರ್ಜಿ ಬರೆಯುವ ಮೊದಲು ಕಾಯ್ದೆಯ 4(1)(ಬಿ) ಕಲಮಿನ 12ನೇ ಅಂಶ ಓದಿ. ಸಬ್ಸಿಡಿ ಯೋಜನೆಗಳನ್ನು ಹೇಗೆ ಜಾರಿ ಮಾಡುತ್ತೀರಿ, ಎಷ್ಟು ಹಣ ಇಟ್ಟಿದ್ದೀರಿ, ಫಲಾನುಭವಿಗಳ ವಿವರ ಏನು, ಇದನ್ನು ಯಾರೂ ಕೇಳದೆಯೇ ಕಚೇರಿ ಪ್ರಕಟಿಸಬೇಕು ಎಂದು ಅಲ್ಲಿ ಇದೆ. ಅರ್ಜಿಯಲ್ಲಿ ಈ ಕಲಮನ್ನು ಹೆಸರಿಸಿ. "ಇಂಥ ಮಾಹಿತಿ ನಮ್ಮಲ್ಲಿ ಕ್ರೋಡೀಕರಿಸಿಲ್ಲ" ಎಂಬ ಮಾಮೂಲು ಉತ್ತರಕ್ಕೆ ಇದು ಸ್ವಲ್ಪ ಕಡಿವಾಣ.

ಎರಡು ಅರ್ಜಿ ಬೇಕು. ಮಂಡಳಿಗೆ ಹೋಗುವುದು ಕೇಂದ್ರದ್ದು, ಕೃಷಿ ಇಲಾಖೆಗೆ ಹೋಗುವುದು ರಾಜ್ಯದ್ದು. ಎರಡಕ್ಕೂ ಶುಲ್ಕ 10 ರೂಪಾಯಿ, ಆನ್‌ಲೈನಿನಲ್ಲಿ ಕಟ್ಟಬಹುದು. ಅಂಚೆಯಲ್ಲಿ ಕಳಿಸುವುದಾದರೆ ಪೋಸ್ಟಲ್ ಆರ್ಡರ್. ಮಂಡಳಿಯ ಮುಖ್ಯ ಕಚೇರಿ ಗುಂಟೂರಿನಲ್ಲಿದೆ, ಹಾಗಾಗಿ ಇಂಗ್ಲಿಷಿನಲ್ಲೇ ಬರೆಯಬೇಕು ಎಂದು ಹಲವರು ಅಂದುಕೊಳ್ಳುತ್ತಾರೆ. ಅರ್ಜಿ ಹಾಕುವ ಪ್ರದೇಶದ ಆಡಳಿತ ಭಾಷೆಯಲ್ಲೂ ಕೇಳಬಹುದು ಎಂದು 6(1) ಕಲಮು ಹೇಳುತ್ತದೆ. ಮಂಗಳೂರಿನಿಂದ ಕನ್ನಡದಲ್ಲಿ ಕೇಳಲು ಏನೂ ಅಡ್ಡಿ ಇಲ್ಲ. ಬೇಗ ಉತ್ತರ ಬೇಕಿದ್ದರೆ ಜೊತೆಗೆ ಇಂಗ್ಲಿಷ್ ಪ್ರತಿ ಇಟ್ಟರೆ ಒಳ್ಳೆಯದು, ಅಷ್ಟೆ.

ರಾಜ್ಯದ ಅರ್ಜಿಗೆ ಒಂದು ಕಟ್ಟಳೆ ಉಂಟು: ಒಂದೇ ವಿಷಯ, 150 ಪದಗಳ ಒಳಗೆ. ಹಾಗಾಗಿ ಕಥೆ ಬರೆಯಬೇಡಿ. ಮಂಡಳಿಗೆ ಹೀಗೆ ಬರೆದರೆ ಸಾಕು:

"2021-22ರಿಂದ 2023-24ರವರೆಗೆ ಕರ್ನಾಟಕದ ಪ್ರತಿ ಹರಾಜು ಮಾರುಕಟ್ಟೆ ವ್ಯಾಪ್ತಿಯಲ್ಲಿ ವರ್ಷವಾರು ಈ ಮಾಹಿತಿಯ ಪ್ರತಿ ಕೊಡಿ: ನೋಂದಾಯಿತ ಬೆಳೆಗಾರರ ಸಂಖ್ಯೆ, ಲೈಸೆನ್ಸ್ ಇರುವ ಬ್ಯಾರನ್‌ಗಳ ಸಂಖ್ಯೆ, ನೀಡಿದ ಪ್ರತಿ ಸಬ್ಸಿಡಿಯ ಹೆಸರು, ಖರ್ಚಾದ ಮೊತ್ತ, ಫಲಾನುಭವಿಗಳ ಸಂಖ್ಯೆ, ಕಲ್ಯಾಣ ನಿಧಿಯಿಂದ ಕೊಟ್ಟ ಪರಿಹಾರ ಮತ್ತು ಸಾಲ ಪ್ರತ್ಯೇಕವಾಗಿ."

ಕೃಷಿ ಇಲಾಖೆಗೆ ಬೆಳೆ ವೈವಿಧ್ಯೀಕರಣದ್ದು ಮಾತ್ರ ಕೇಳಿ. ಯಾವ ತಾಲೂಕಿನಲ್ಲಿ ಯಾವ ಬದಲಿ ಬೆಳೆಗೆ ಎಷ್ಟು ಖರ್ಚು, ಎಷ್ಟು ಹೆಕ್ಟೇರಿನಲ್ಲಿ ಪ್ರಾತ್ಯಕ್ಷಿಕೆ. ಆ ರೈತರು ಮರುವರ್ಷ ಹೊಗೆಸೊಪ್ಪು ಬಿಟ್ಟರಾ ಎಂಬ ದಾಖಲೆ ಇದ್ದರೆ ಅದರ ಪ್ರತಿಯನ್ನೂ ಕೇಳಿ. ನಿಜವಾದ ಪ್ರಶ್ನೆ ಅದೇ.

ಹೆಸರು, ವಿಳಾಸ ಕೇಳಲು ಹೋಗಬೇಡಿ. ವೈಯಕ್ತಿಕ ಮಾಹಿತಿ ಎಂದು ತಳ್ಳಿಹಾಕುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ, ಮಾಹಿತಿ ಹಕ್ಕಿನಲ್ಲಿ ವೈಯಕ್ತಿಕ ಮಾಹಿತಿಗೆ ಇರುವ ವಿನಾಯಿತಿಯ ಕಲಮನ್ನು ಇನ್ನಷ್ಟು ಬಿಗಿ ಮಾಡಿದೆ. ನಿಮಗೆ ಬೇಕಾದ್ದು ಸಂಖ್ಯೆ, ಅದನ್ನು ಕೊಡದಿರಲು ನೆಪ ಸಿಗುವುದು ಕಷ್ಟ. "ಯಾಕೆ ಹೀಗೆ ಮಾಡಿದಿರಿ" ಎಂಬ ಪ್ರಶ್ನೆಯೂ ಬೇಡ. ದಾಖಲೆ ಕೇಳಿ, ಅಭಿಪ್ರಾಯ ಕೇಳಬೇಡಿ.

30 ದಿನದಲ್ಲಿ ಉತ್ತರ ಬರಬೇಕು. ತಪ್ಪು ಕಚೇರಿಗೆ ಹೋಗಿದ್ದರೆ 5 ದಿನದಲ್ಲಿ ಸರಿಯಾದ ಕಚೇರಿಗೆ ಅವರೇ ಕಳಿಸಬೇಕು, ಅದು 6(3) ಕಲಮು. ಗಡುವು ಮೀರಿದರೆ ಪುಟದ ಲೆಕ್ಕದ ಹಣವನ್ನೂ ಕೇಳುವಂತಿಲ್ಲ. ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಮೇಲ್ಮನವಿ ಎಂದ ಕೂಡಲೇ ಜನ ಕೈಬಿಡುತ್ತಾರೆ. ಹಾಗೆ ಬಿಡಬೇಡಿ, ಅದು ಒಂದೇ ಪುಟದ ಕೆಲಸ.

ಮಾರ್ಚ್ ಮುಗಿದ ಕೂಡಲೇ ಅರ್ಜಿ ಹಾಕಿದರೆ ಹೋದ ವರ್ಷದ ಖರ್ಚು ಇನ್ನೂ ಅಂತಿಮವಾಗಿರುವುದಿಲ್ಲ. ಜುಲೈ ದಾಟಲಿ.

ವರ್ಷ ಹೊಂದಿಸುವುದು, ಭಾಗಿಸುವುದು

ಅಂಕಿಗಳೆಲ್ಲ ಬಂದ ಮೇಲೆ ಬಹಳ ಜನ ಎಡವುವುದು ಇಲ್ಲಿ. ಕರ್ನಾಟಕದಲ್ಲಿ ಮುಂಗಾರು ಮಳೆಯ ಹೊತ್ತಿಗೆ ನಾಟಿ, ಸೆಪ್ಟೆಂಬರ್ ಸುಮಾರಿಗೆ ಹರಾಜು ಶುರು, ಮಾರ್ಚ್ ಹೊತ್ತಿಗೆ ಹೆಚ್ಚುಕಡಿಮೆ ಮುಗಿಯುತ್ತದೆ. ಬೆಳೆ, ಮಾರಾಟ, ಸಬ್ಸಿಡಿ ಎಲ್ಲ ಒಂದೇ ಆರ್ಥಿಕ ವರ್ಷದೊಳಗೆ. ಆಂಧ್ರದಲ್ಲಿ ಹಾಗಿಲ್ಲ. ಅಲ್ಲಿ ಮಳೆಗಾಲ ಕಳೆದ ಮೇಲೆ ನಾಟಿ, ಹರಾಜು ಬೇಸಿಗೆಯಲ್ಲಿ. ಬೆಳೆಯ ಖರ್ಚಿನ ನೆರವು ಒಂದು ವರ್ಷದ ಪುಸ್ತಕದಲ್ಲಿ, ಮಾರಾಟ ಮುಂದಿನ ವರ್ಷದ ಪುಸ್ತಕದಲ್ಲಿ ಕೂತಿರುತ್ತದೆ. ಒಂದೇ ವರ್ಷದ ಸಾಲನ್ನು ಎರಡೂ ರಾಜ್ಯಕ್ಕೆ ಹೋಲಿಸಿದರೆ ಸುಳ್ಳು ವ್ಯತ್ಯಾಸ ಕಾಣುತ್ತದೆ. 3 ವರ್ಷದ ಸರಾಸರಿ ತೆಗೆದರೆ ಈ ತೊಂದರೆ ಬಹುಪಾಲು ಹೋಗುತ್ತದೆ. ಮೇಲಿನ ಅರ್ಜಿಯಲ್ಲಿ 3 ವರ್ಷ ಕೇಳಿದ್ದು ಅದಕ್ಕೇ.

ಆಮೇಲೆ ಭಾಗಾಕಾರ. ಲೆಕ್ಕ ತಿಳಿಯಲೆಂದು ಸುಮ್ನೆ ಎರಡು ಪ್ರದೇಶ ಇಟ್ಟುಕೊಳ್ಳೋಣ. ಒಂದಕ್ಕೆ 1 ಕೋಟಿ ರೂಪಾಯಿ ಹೋಯಿತು, ಅಲ್ಲಿ 20,000 ಬೆಳೆಗಾರರು. ಇನ್ನೊಂದಕ್ಕೆ 60 ಲಕ್ಷ, ಅಲ್ಲಿ 6,000 ಬೆಳೆಗಾರರು. ಮೊತ್ತ ನೋಡಿದರೆ ಮೊದಲನೆಯದು ಗೆದ್ದಿತು. ತಲೆಗೆ ಭಾಗಿಸಿದರೆ ಮೊದಲನೆಯದಕ್ಕೆ 500, ಎರಡನೆಯದಕ್ಕೆ 1,000. ಇದೇ ಲೆಕ್ಕವನ್ನು ಬ್ಯಾರನ್‌ಗೆ ಭಾಗಿಸಿ, ಕಿಲೋಗೂ ಭಾಗಿಸಿ. ಮೂರೂ ಬೇರೆ ಬೇರೆ ಕಥೆ ಹೇಳಬಹುದು. ಕರ್ನಾಟಕದ ಬ್ಯಾರನ್‌ಗೆ ಬರುವ ಕಿಲೋ ಆಂಧ್ರದ ಬ್ಯಾರನ್‌ಗಿಂತ ಕಡಿಮೆ. ಹಾಗಾಗಿ ಬ್ಯಾರನ್ ಲೆಕ್ಕದಲ್ಲಿ ಸಮ ಹಂಚಿದ ಹಣ ಕಿಲೋ ಲೆಕ್ಕದಲ್ಲಿ ಕರ್ನಾಟಕಕ್ಕೆ ಜಾಸ್ತಿ ಎಂದು ಕಾಣುತ್ತದೆ. ಯಾವ ಭಾಜಕ ಹಿಡಿದಿದ್ದೀರಿ ಎಂದು ವರದಿಯಲ್ಲಿ ಬರೆಯದಿದ್ದರೆ ಓದುಗರಿಗೆ ಮೋಸ ಮಾಡಿದ ಹಾಗೆ.

ಸಬ್ಸಿಡಿ ಎಂದು ಬರೆಯದ ನೆರವು

2022ರ ಡಿಸೆಂಬರಿನಲ್ಲಿ ಮಾಂಡೌಸ್ ಚಂಡಮಾರುತ ಬಂದಾಗ ಆಂಧ್ರದ ಬೆಳೆಗೆ ಪೆಟ್ಟು ಬಿತ್ತು. ಕಲ್ಯಾಣ ನಿಧಿಯ ಸದಸ್ಯರಾಗಿದ್ದ ಅಲ್ಲಿನ ಬೆಳೆಗಾರರಿಗೆ ತಲಾ 10,000 ರೂಪಾಯಿ ಬಡ್ಡಿಯಿಲ್ಲದ ಸಾಲಕ್ಕೆ ಕೇಂದ್ರ ಒಪ್ಪಿತು. 28,000ಕ್ಕೂ ಹೆಚ್ಚು ರೈತರ ವಿಷಯ ಅದು. ಇದನ್ನು ಪೂರ್ತಿ ಸಬ್ಸಿಡಿ ಎಂದು ಹಾಕಬೇಡಿ. ಉಳಿತಾಯವಾದ ಬಡ್ಡಿ ಮಾತ್ರ ನೆರವು, ಅಸಲು ತಿರುಗಿ ಕಟ್ಟಬೇಕಾದ್ದು.

ಇನ್ನೊಂದು ದಂಡ ಮನ್ನಾ. ಗುರಿ ಮೀರಿ ಬೆಳೆದ ಸೊಪ್ಪಿಗೆ, ಕಾರ್ಡ್ ಇಲ್ಲದವರ ಸೊಪ್ಪಿಗೆ ದಂಡ ಹಿಡಿಯುವ ನಿಯಮ ಉಂಟು. ಮಳೆಯಿಂದ ಬೆಳೆ ಕೆಟ್ಟ ವರ್ಷಗಳಲ್ಲಿ ಇದನ್ನು ಸಡಿಲಿಸುತ್ತಾರೆ. ಕಾರ್ಡ್ ಇಲ್ಲದ ರೈತನಿಗೆ ಸಿಗುವ ನೆರವು ಹೆಚ್ಚುಕಡಿಮೆ ಇದೊಂದೇ, ಆದ್ರೆ ಅದು ಯಾವ ಸಬ್ಸಿಡಿ ಪಟ್ಟಿಯಲ್ಲೂ ಇರುವುದಿಲ್ಲ. ಪ್ರತ್ಯೇಕ ಕಂಬ ಮಾಡಿ, ಮೊತ್ತ ಸಿಗದಿದ್ದರೆ ವರ್ಷವನ್ನಾದರೂ ಗುರುತಿಸಿ.

ಹಾಗಾದ್ರೆ ಕರಾವಳಿಗೆ?

ಹೊಗೆಸೊಪ್ಪಿನ ಹೆಸರಲ್ಲಿ ನಮ್ಮ ಎರಡು ಜಿಲ್ಲೆಗೆ ಕೃಷಿ ಸಬ್ಸಿಡಿ ಎಂದು ಹುಡುಕಿ ಪ್ರಯೋಜನವಿಲ್ಲ. ಈಗ ಇಲ್ಲಿಗೆ ಹಣ ಬರುವ ಬಾಗಿಲು ಕಾರ್ಮಿಕ ಸಚಿವಾಲಯದ್ದು: ಬೀಡಿ ಕಾರ್ಮಿಕರ ಚಿಕಿತ್ಸೆ, ಮನೆ, ಮಕ್ಕಳ ವಿದ್ಯಾರ್ಥಿವೇತನ. ಮೊದಲು ಇದಕ್ಕೆ 1976ರ ಕಾಯ್ದೆಯಡಿ ಬೀಡಿಯ ಮೇಲೆಯೇ ಸೆಸ್ ಇತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಸೆಸ್ ಹೋಯಿತು. ಆ ಮೇಲಿನ ವರ್ಷಗಳ ಲೆಕ್ಕ ಕೇಳುವವರು ಬಜೆಟ್ ಹಂಚಿಕೆಯನ್ನು ಕೇಳಬೇಕು, ಸೆಸ್ ವಸೂಲಿಯನ್ನು ಕೇಳಿದರೆ "ಶೂನ್ಯ" ಎಂಬ ಉತ್ತರ ಬರುತ್ತದೆ.

ಅಡಿಕೆಯವರ ಪ್ರಶ್ನೆಗೆ ಬರೋಣ. ನಿಜ, ಅಡಿಕೆಗೆ ತಂಬಾಕಿನ ಹಾಗೆ ಮಂಡಳಿ ಇಲ್ಲ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ, ಅದು ಮಾರುಕಟ್ಟೆ ನೋಡುತ್ತದೆ. ಆದರೆ ಗುರಿ, ಲೈಸೆನ್ಸ್, ದಂಡವೂ ಅಡಿಕೆಗೆ ಇಲ್ಲ ಎಂಬುದನ್ನೂ ಆ ಸಭೆಗಳಲ್ಲಿ ಹೇಳಬೇಕು. ಅಡಿಕೆಗೆ ದೊಡ್ಡ ಸರ್ಕಾರಿ ಹಣ ಬರುವುದು ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ. ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ರೈತ ಕಟ್ಟುವುದು ಅದರ 5 ಶೇಕಡಾ, ಅಂದ್ರೆ 6,400. ಉಳಿದ ಪ್ರೀಮಿಯಂ ಕೇಂದ್ರ, ರಾಜ್ಯ ಸರ್ಕಾರಗಳದ್ದು. ಪರಿಹಾರ ತೀರ್ಮಾನವಾಗುವುದು ಗ್ರಾಮ ಪಂಚಾಯತ್ ಮಟ್ಟದ ಮಳೆ, ಉಷ್ಣತೆಯ ದಾಖಲೆಯ ಮೇಲೆ. ಹಾಗಾಗಿ ಪಕ್ಕದ ಪಂಚಾಯತಿಗೆ ಬಂದದ್ದು ನಿಮಗೆ ಬಾರದೆ ಹೋಗಬಹುದು.

ಇದನ್ನು ಹುಡುಕಲೂ ಮೇಲಿನ ಅರ್ಜಿಯ ಮಾದರಿಯೇ ಸಾಕು, ಬ್ಯಾರನ್, ನೋಂದಣಿ, ಕಲ್ಯಾಣ ನಿಧಿಯ ಮಾತು ತೆಗೆದು ಎರಡು ತಿದ್ದುಪಡಿ ಮಾಡಿ. ಹರಾಜು ಮಾರುಕಟ್ಟೆ ಎಂದಿರುವಲ್ಲಿ ಗ್ರಾಮ ಪಂಚಾಯತಿನ ಹೆಸರು ಹಾಕಿ. ಆರ್ಥಿಕ ವರ್ಷದ ಬದಲು ಜುಲೈ 1ರಿಂದ ಜೂನ್ 30ರವರೆಗಿನ ವಿಮಾ ವರ್ಷ ಬರೆಯಿರಿ. ಅರ್ಜಿ ತೋಟಗಾರಿಕೆ ಇಲಾಖೆಗೆ. ನಿಮ್ಮ ಪಂಚಾಯತಿಗೆ ಯಾವ ಮಳೆಮಾಪನ ಕೇಂದ್ರದ ಅಂಕಿ ಹಿಡಿದರು ಎಂಬುದನ್ನು ಬೇರೆ ಸಾಲಿನಲ್ಲಿ ಕೇಳಿ. ಯಂತ್ರ ಕೆಟ್ಟ ದಿನಗಳಲ್ಲಿ ಪಕ್ಕದ ಕೇಂದ್ರದ ಅಂಕಿ ಹಾಕಿದ್ದರೆ ಆ ದಿನಾಂಕಗಳ ಪಟ್ಟಿಯನ್ನೂ ಕೇಳಿಬಿಡಿ.